ಕೊನೆಯ ಗರಿಯ ಅಗಲ

ಶೇಷಾದ್ರಿಗೆ ಹಕ್ಕಿಗಳೆಂದರೆ ಪ್ರಾಣ ಎಂದು ಅಮೆರಿಕದ ಇಲಿನಾಯ್ ರಾಜ್ಯದ ಅರೋರಾ ಊರಿನ ಕನ್ನಡದವರೆಲ್ಲ ನಂಬಿದ್ದರು. ಅವನ ಪ್ರಾಣ ಇದ್ದದ್ದು ಪಟ್ಟಿಯ ಮೇಲೆ. ಹೂವಿನ ಮಕರಂದ ಹೀರುವ ಪುಟ್ಟ ಹಮ್ಮಿಂಗ್‌ಬರ್ಡ್‌ಗಳಲ್ಲಿ, ಅದರಲ್ಲೂ ಕಂದು ಬಣ್ಣದವುಗಳಲ್ಲಿ, ಯಾವ ಜಾತಿ ಯಾವ ರಾಜ್ಯದಲ್ಲಿ ಕಂಡಿದೆ ಎಂದು ಹನ್ನೆರಡು ವರ್ಷ ಕೂತು ಗುರುತು ಹಾಕಿದ್ದ. ಆಲೆನ್ ಎಂಬ ಜಾತಿಯ ಮುಂದೆ ಇಲಿನಾಯ್ ಖಾಲಿ ಇತ್ತು. ಆ ಜಾಗದಲ್ಲಿ ತನ್ನ ಹೆಸರು ಕೂರಬೇಕು, ಅಷ್ಟೇ ಅವನ ಆಸೆ.

೨೦೦೩ರ ನವೆಂಬರ್‌ನಲ್ಲಿ, ಬಾಲಾಜಿ ದೇವಸ್ಥಾನದಲ್ಲಿ ಪರಿಚಯವಾಗಿದ್ದ ಲಲಿತಮ್ಮ ಫೋನ್ ಮಾಡಿದರು. "ಚಳಿ ಬಂತು ಅಂತ ಹಕ್ಕಿ ಎಲ್ಲಾ ದಕ್ಷಿಣಕ್ಕೆ ಹೋದ್ವು ಕಣ್ರೀ, ಇದೊಂದು ಹೋಗ್ಲಿಲ್ಲ. ಹೆಬ್ಬೆರಳಷ್ಟಿದೆ."

ಅವರ ಮನೆಗೆ ಹೋಗಿ ನೋಡಿದ. ಕಂದು ಹೆಣ್ಣು ಹಕ್ಕಿ! ಆದರೆ ಆಲೆನ್ ಹೆಣ್ಣಿಗೂ, ಆಗೀಗ ದಾರಿ ತಪ್ಪಿ ಬರುವ ರೂಫಸ್ ಹೆಣ್ಣಿಗೂ ಕಣ್ಣಳತೆಯಲ್ಲಿ ವ್ಯತ್ಯಾಸ ತಿಳಿಯದು. ಬಾಲದ ಕೊನೆಯ ಗರಿಯ ಅಗಲ ಅಳೆಯಬೇಕು. ಜೀವಂತ ಹಕ್ಕಿ ಹಿಡಿದು ಅಳೆಯುವ ಪರವಾನಗಿ ಇದ್ದವರೊಬ್ಬರು ಡೆಟ್ರಾಯಿಟ್‌ನಲ್ಲಿದ್ದರು. ಕರೆದರೆ ಬರುತ್ತಿದ್ದರು, ದಾಖಲೆಯೂ ಅವರ ಹೆಸರಿಗೇ ಹೋಗುತ್ತಿತ್ತು. ಶೇಷಾದ್ರಿಯ ಬಳಿ ಇದ್ದದ್ದು ಸತ್ತ ಹಕ್ಕಿ ಇಟ್ಟುಕೊಳ್ಳುವ ಪರವಾನಗಿ.

ಆಗ ಹಕ್ಕಿಗೆ ಸಿಹಿ ನೀರು ಕುಡಿಯಲೆಂದು ತೂಗುಹಾಕಿದ್ದ ಫೀಡರ್ ಕಣ್ಣಿಗೆ ಬಿತ್ತು. ಒಳಗಿನ ನೀರು ಡಿಕಾಕ್ಷನ್ ಬಣ್ಣಕ್ಕಿತ್ತು.

"ಬೆಲ್ಲದ ನೀರು," ಎಂದರು ಲಲಿತಮ್ಮ. "ಸಕ್ಕರೇಲಿ ಏನಿದೆ? ಬೆಲ್ಲದಲ್ಲಾದ್ರೆ ಕಬ್ಬಿಣ ಇರತ್ತೆ. ಈ ಚಳೀಲಿ ಶಕ್ತಿ ಬೇಡ್ವಾ ಪಾಪ? ನಿನ್ನೆಯಿಂದ ಶುರು ಮಾಡಿದೀನಿ. ಸರಿ ತಾನೆ?"

ಆ ಕಬ್ಬಿಣವೇ ಈ ಹಕ್ಕಿಗೆ ವಿಷ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಿಳಿ ಸಕ್ಕರೆ ಹಾಕಿ ಎಂದಿದ್ದರೆ ಮುಗಿದಿತ್ತು.

"ಸರಿ ಆಂಟಿ. ಇನ್ನೂ ಸ್ವಲ್ಪ ಗಟ್ಟಿ ಮಾಡಿ."

ಲಲಿತಮ್ಮ ದಿನಾ ಬೆಳಗ್ಗೆ ಎದ್ದು, ಬೆಲ್ಲ ಕರಗಿಸಿ, ಸೋಸಿ, ಬೆಚ್ಚಗೆ ತಂದು ತೂಗುಹಾಕಿದರು. ಹತ್ತನೆಯ ದಿನ ಹಕ್ಕಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವನ ಮನೆಗೇ ಬಂದರು. ಅತ್ತು ಅತ್ತು ಕಣ್ಣು ಊದಿತ್ತು. ಶೇಷಾದ್ರಿ ಕೂರಿ ಎನ್ನಲಿಲ್ಲ. ಹಕ್ಕಿಯನ್ನು ಕಸಿದುಕೊಂಡು ಗರಿ ಬಿಡಿಸಿ ಅಳೆದ. ಮತ್ತೆ ಅಳೆದ.

ರೂಫಸ್. ಅವನ ಪಟ್ಟಿಯಲ್ಲಿ ಇಲಿನಾಯ್‌ಗೆ ಆಗಲೇ ಏಳು ಇದ್ದವು.

"ಯಾವ್ದು ಅಂತ ಗೊತ್ತಾಯ್ತಾ?" ಎಂದರು ಲಲಿತಮ್ಮ.

"ಮಾಮೂಲಿ ಹಕ್ಕಿ." ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಬೆಲ್ಲ ಕುಡಿಸಿ ಕೊಂದ್ರಲ್ಲ ಆಂಟಿ. ಕಬ್ಬಿಣ ಅದಕ್ಕೆ ವಿಷ."

ಲಲಿತಮ್ಮ ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ನಿಧಾನವಾಗಿ ತಲೆಯೆತ್ತಿದರು.

"ಅವತ್ತು ನಿಮ್ಮನ್ನ ಕೇಳಿದ್ನಲ್ಲ?"

ಅವನು ಆಗಲೇ ಹಕ್ಕಿಯ ಕಾಲಿಗೆ ಕಟ್ಟುವ ಚೀಟಿ ಬರೆಯುತ್ತಿದ್ದ. ಊರು, ತಾರೀಕು, ಜಾತಿ. ಸಾವಿನ ಕಾರಣ: ಬೆಲ್ಲ. ಸಂಗ್ರಹಿಸಿದವರು ಎಂಬಲ್ಲಿ ಒಂದು ಗಳಿಗೆ ಪೆನ್ನು ನಿಲ್ಲಿಸಿ, ಲಲಿತಮ್ಮ ಎಂದು ಬರೆದ.