ಖಾಲಿ ಹಾಳೆಯ ಓದು

ಬೆಳಿಗ್ಗೆ ಬರೆಯಲು ಕೂತವಳು ಮಧ್ಯಾಹ್ನದ ಹೊತ್ತಿಗೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಮಗಳ ಸ್ವೆಟರಿಗೆ ಗುಂಡಿ ಹೊಲಿದು, ನೆಲ ಒರೆಸಲು ಶುರುಮಾಡಿದ್ದಳು. ಆ ಸ್ವೆಟರ್ ಮಗಳಿಗೆ ಗಿಡ್ಡವಾಗಿ ವರ್ಷವೇ ಕಳೆದಿತ್ತು. ಮೇಜಿನ ಮೇಲಿನ ಹಾಳೆಯಲ್ಲಿ ಮಾತ್ರ ಒಂದಕ್ಷರವೂ ಮೂಡಿರಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ಒರೆಸ್ತಾನೇ ಇದೀಯಲ್ಲೇ," ಎಂದರು ಬಟಾಣಿ ಬಿಡಿಸುತ್ತಿದ್ದ ಅತ್ತೆ.

ಬರೆಯಬೇಕಿದ್ದದ್ದು ವಾರಪತ್ರಿಕೆಯ ಧಾರಾವಾಹಿಯ ಕೊನೆಯ ಕಂತು. ಕಥೆಯ ಹೆಂಗಸು ಬಾಗಿಲ ಒಳಗೆ. ಹೇಳದೆ ಕೇಳದೆ ಬಿಟ್ಟುಹೋಗಿ ಈಗ ಮರಳಿ ಬಂದ ಗಂಡ ಹೊರಗೆ. ಚಿಲಕ ತೆಗೆದರೆ ಕಥೆ ಸುಳ್ಳಾಗುತ್ತದೆ, ತೆಗೆಯದಿದ್ದರೆ ಓದುವವರು ಬೈಯುತ್ತಾರೆ. ಈ ಅಂಜಿಕೆಗೆ ಸೋಮಾರಿತನವೆಂದು ಹೆಸರಿಟ್ಟು, ನಾಳೆಯಿಂದ ಶಿಸ್ತು ಎಂದು ಅವಳು ದಿನ ತಳ್ಳುತ್ತಿದ್ದಳು.

ಫೋನ್ ರಿಂಗಾಯಿತು. ಸಂಪಾದಕಿ.

"ಮೇಡಂ, ಸಂಜೆ ಪುಟ ಅಚ್ಚಿಗೆ ಹೋಗತ್ತೆ. ಇವತ್ತೂ ಬರ್ಲಿಲ್ಲ ಅಂದ್ರೆ ಕಥೆ ಅಲ್ಲಿಗೇ ನಿಲ್ಲಿಸ್ತೀವಿ. ಆ ಜಾಗ ಬೇರೆಯವರಿಗೆ."

"ಅಯ್ಯೋ, ಬರೆದಾಗಿದೆ! ತಿದ್ದೋದಷ್ಟೇ ಬಾಕಿ." ಈ ಸುಳ್ಳು ಅವಳ ನಾಲಿಗೆಯಲ್ಲಿ ಮನೆ ಮಾಡಿ ಎಷ್ಟೋ ಕಾಲವಾಗಿತ್ತು.

"ಹಾಗಾದ್ರೆ ಓದಿ. ನಾನೇ ಟೈಪ್ ಮಾಡ್ಕೋತೀನಿ."

ಅವಳು ಸ್ಪೀಕರ್ ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು, ಸಂಪಾದಕಿಗೆ ಕಾಣುತ್ತದೇನೋ ಎಂಬಂತೆ ಖಾಲಿ ಹಾಳೆಯನ್ನು ಕಣ್ಣೆದುರು ಹಿಡಿದಳು.

"ಅವಳು... ಚಿಲಕದ ಮೇಲೆ ಕೈಯಿಟ್ಟಳು. ಅದು ತಣ್ಣಗಿತ್ತು..."

ಅದರ ಬೆನ್ನಿಗೇ ಮುಂದಿನ ಸಾಲು ಬಂತು, ಆಮೇಲೆ ಇನ್ನೊಂದು. ಒಂದು ಕಡೆ ಅವಳು ತಡವರಿಸಿದಾಗ ಅತ್ತೆ ಬಟಾಣಿ ಬಿಟ್ಟು ಎದ್ದು ಬಂದು, ಹಳೇ ಪೇಪರೊಂದನ್ನು ಫೋನಿನ ಹತ್ತಿರ ಪರಪರ ಮಗುಚಿದರು. ಉಸಿರೆಳೆಯಲು ಅಷ್ಟು ಸಾಕಾಯಿತು. ಮತ್ತೆ ತಡವರಿಕೆ, ಮತ್ತೆ ಪರಪರ.

"ಎಷ್ಟು ಚಿಕ್ಕ ಹಾಳೇಲಿ ಬರೀತೀರಿ ಮೇಡಂ? ಮಾತಿಗೊಂದು ಪುಟ ತಿರುಗ್ತಿದೆ!"

ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ಕಥೆಯ ಹೆಂಗಸು ಕೊನೆಗೂ ಬಾಗಿಲು ತೆರೆಯಲಿಲ್ಲ. "ತೆಗೆದರೆ, ಊಟ ಆಯ್ತಾ ಅಂತ ಕೇಳಿಬಿಡ್ತೀನಿ. ಅದಕ್ಕೇ ತೆಗೆಯೋಲ್ಲ," ಎಂದು ಒಳಗಿನಿಂದಲೇ ಹೇಳಿದಳು.

ಆ ಕಡೆ ಟೈಪಿನ ಸದ್ದು ನಿಂತಿತು.

"ಮೇಡಂ, ಹಾಳೇಲಿ ಏನೂ ಇಲ್ಲ ಅಲ್ವಾ?"

"...ಇಲ್ಲ."

"ಇರ್ಲಿ ಬಿಡಿ. ನಾನು ಏನೂ ತಿದ್ದಲ್ಲ. ಹೀಗೇ ಹೋಗ್ಲಿ ಅಚ್ಚಿಗೆ."

ಫೋನ್ ಇಟ್ಟ ಮೇಲೂ ಅವಳಿಗೆ ಅತ್ತೆಯ ಮುಖ ನೋಡಲು ಅಳುಕು. ಧಾರಾವಾಹಿಯ ಒಂದು ಕಂತನ್ನೂ ಬಿಡದೆ ಓದಿದವರು ಅವರು.

"ಏನತ್ತೆ, ಬೈತೀರಾ?"

"ಯಾಕೆ ಬೈಲಿ? ಸರಿಯಾಗೇ ಮಾಡಿದ್ಲು. ಹಸಿದಿದ್ರೆ ಅವನಿಗೆ ಹೋಟೆಲಿಲ್ವಾ!"

ಅವಳಿಗೆ ನಗು ಉಕ್ಕಿತು. ನಗುತ್ತಲೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದಳು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವುಗಳಿಗೆ ಅವಳು ಬೇರೆ ಕೆಲಸವೇನೂ ಹುಡುಕಲಿಲ್ಲ.