ಸುಮನಾ ಬರೆಸದ ಹೆಸರು

ಕೋಣಂದೂರಿನ ಟೈಲರ್ ಸೀತಾರಾಮಪ್ಪನವರ ಕೈಗೆ ಬಟ್ಟೆ ಕೊಟ್ಟರೆ ಕಣ್ಣು ಮುಚ್ಚಿಕೊಂಡು ಮನೆಗೆ ಹೋಗಬಹುದಿತ್ತು. ಅಂಥವರು ಒಂದು ದಿನ ನಿಟ್ಟೂರಿನ ಮದುಮಗಳ ರವಿಕೆಗೆ ಮೂರು ತೋಳು ಕತ್ತರಿಸಿಟ್ಟರು.

ಮದುಮಗಳ ತಾಯಿ ಮೂರನೇ ತೋಳನ್ನು ಎತ್ತಿ ಹಿಡಿದು ಕೇಳಿದಳು, “ಎಂತದಿದು? ಇವ್ರು ಕುಡೀತಾರಾ?”

ಸೀತಾರಾಮಪ್ಪ ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಆರು ತಿಂಗಳಿಂದ ಅಳತೆ ಮರೆಯುತ್ತಿದ್ದರು, ಮನೆಯ ದಾರಿ ತಪ್ಪುತ್ತಿದ್ದರು. ತಲೆ ಕೆಟ್ಟಿದೆ ಎಂದು ಊರಿಗೆ ಗೊತ್ತಾದರೆ ಮಗಳು ತುಂಗಾಗೆ ಗಂಡು ಸಿಗುವುದಿಲ್ಲ. ಕುಡುಕರ ಮಕ್ಕಳಿಗಾದರೆ ಮದುವೆ ಆಗುತ್ತದಲ್ಲ! ಹೆಂಡತಿ ಸುಮನಾ ತಲೆ ತಗ್ಗಿಸಿ ಹೇಳಿದಳು, “ಹೌದು, ಈಚೆಗೆ ಸ್ವಲ್ಪ ಜಾಸ್ತಿ ಆಗಿದೆ.”

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೀತಾರಾಮಪ್ಪ ತಿರುಗಿ ನೋಡಿದರು. “ನಾನು ಕುಡೀತೀನಾ, ಸುಮನಾ?”

ಅವಳು ಮೂರನೇ ತೋಳನ್ನು ತೆಗೆದುಕೊಂಡು ಚಿಂದಿಯ ಚೀಲಕ್ಕೆ ತುರುಕಿದಳು.

ಮರುತಿಂಗಳು ಆಶಾ ಕಾರ್ಯಕರ್ತೆ ವಿನಯಾ ಸಮೀಕ್ಷೆಗೆ ಬಂದಳು. “ಮನೇಲಿ ಯಾರಿಗಾದ್ರೂ ಮರೆವಿನ ತೊಂದ್ರೆ ಇದ್ಯಾ ಅಕ್ಕಾ?”

“ಯಾರಿಗೂ ಇಲ್ಲ. ಹಾಗೇ ಬರ್ಕೋ.”

ಎರಡು ವರ್ಷ ಕಳೆಯಿತು. ತುಂಗಾಳ ಮದುವೆ ಆಯಿತು, ಅಂಗಡಿ ಮುಚ್ಚಿತು. ಸುಮನಾ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದಳು. ಗಂಡನನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಬಂದು ನೋಡಿದರೆ ಬಾಗಿಲು ಕೆರೆದು ಕೆರೆದು ಅವರ ಉಗುರಿನಿಂದ ರಕ್ತ ಸೋರುತ್ತಿತ್ತು.

ಅದೇ ಹೊತ್ತಿಗೆ ಬೆಳ್ಳಮ್ಮ ಬಂದರು. ನಿವೃತ್ತ ಅಂಗನವಾಡಿ ಟೀಚರು. ತಮ್ಮ ತಾಯಿ ಇದೇ ಕಾಯಿಲೆಯಲ್ಲಿ ಹೋದಮೇಲೆ, ಇಂಥ ರೋಗಿಗಳಿಗೆ ಸೌಲಭ್ಯ ಕೇಳುವ ಅರ್ಜಿ ಹಿಡಿದು ಮನೆಮನೆ ಸುತ್ತುತ್ತಿದ್ದರು.

“ಇದಕ್ಕೆ ಡಿಮೆನ್ಷಿಯಾ ಅಂತಾರೆ ಕಣೇ. ಮಿದುಳಿನ ಕಾಯಿಲೆ. ಶಾಪ ಅಲ್ಲ, ಹುಚ್ಚೂ ಅಲ್ಲ.”

“ಹೆಸರು ಕಟ್ಕೊಂಡು ಎಂತ ಮಾಡ್ಲಿ ಬೆಳ್ಳಕ್ಕ? ಹಗಲು ಹೊತ್ತು ಇವರನ್ನ ಬಿಟ್ಟು ಹೋಗೋಕೆ ಒಂದು ಜಾಗ ಇಲ್ಲ. ತಿಂಗಳಿಗೊಂದ್ಸಲ ಡಾಕ್ಟರನ್ನಾದ್ರೂ ನಮ್ಮೂರಿಗೆ ಕಳಿಸ್ಬಾರ್ದಾ?”

“ಅದನ್ನೇ ಕೇಳಿದ್ವಿ. ಆರೋಗ್ಯ ಇಲಾಖೆಯಿಂದ ಉತ್ತರ ಬಂದಿದೆ, ಓದು.”

ಕಾಗದದಲ್ಲಿ ಒಂದೇ ಸಾಲು. ಸಮೀಕ್ಷೆಯ ಪ್ರಕಾರ ನಿಮ್ಮ ಗ್ರಾಮದಲ್ಲಿ ಇಂಥ ರೋಗಿಗಳು ಯಾರೂ ಇರುವುದಿಲ್ಲ.

“ಯಾವ ಮನೆಹಾಳರು ಬರೆಸಿದ್ದು ಇದನ್ನ?” ಎಂದು ಸುಮನಾ ಉರಿದೆದ್ದಳು. ಬೆಳ್ಳಮ್ಮ ಅವಳ ಮುಖ ನೋಡಿದರು. ವಿನಯಾ ಕೇಳಿದಾಗ ಯಾರಿಗೂ ಇಲ್ಲ ಎಂದು ಬರೆಸಿದ್ದು ಆಗ ಅವಳಿಗೆ ನೆನಪಾಯಿತು.

“ನೀನೊಬ್ಬಳೇ ಅಲ್ಲ ಮಾರಾಯ್ತಿ,” ಎಂದರು ಬೆಳ್ಳಮ್ಮ. “ಎಲ್ಲಾರೂ ಮುಚ್ಚಿಟ್ರು. ಅಮ್ಮ ಸಾಯೋ ತನಕ ನಾನೂ ಮುಚ್ಚಿಟ್ಟೆ. ಇದನ್ನ ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ. ಹುಡುಕೋಕೆ ಸಂಶೋಧನೆ ಆಗ್ಬೇಕು, ಅದಕ್ಕೆ ಸರ್ಕಾರ ದುಡ್ಡು ಇಡ್ಬೇಕು. ರೋಗಿಗಳೇ ಇಲ್ಲ ಅಂದ್ರೆ ಯಾಕೆ ಇಡ್ತಾರೆ? ಗ್ರಾಮಸಭೆಗೆ ಬಂದು ಹೇಳು.”

“ತುಂಗಾನ ಅತ್ತೆಮನೆಯವ್ರು ಏನಂತಾರೋ?”

“ಕುಡುಕನ ಮಗಳು ಅಂತ ಈಗ ಅಂತಿಲ್ವಾ?”

ಸುಮನಾ ಹೋದಳು. ಮೈಕು ಹಿಡಿದು ಹೇಳಿದಳು, “ನನ್ನ ಗಂಡ ಕುಡುಕ ಅಲ್ಲ. ಅವರಿಗೆ ಡಿಮೆನ್ಷಿಯಾ ಇದೆ. ಸುಳ್ಳು ಹೇಳಿದ್ದು ನಾನು. ಅವರ ಹೆಸರು ಬರ್ಕೊಳ್ಳಿ.”

ಹಿಂದಿನ ಸಾಲಿನಲ್ಲಿ ಕೂತಿದ್ದ ಸುಬ್ಬಯ್ಯ ಎಂಬವನು ಎದ್ದ. “ನಮ್ಮವ್ವಂದೂ ಬರ್ಕೊಳ್ಳಿ.” ಸಭೆ ಮುಗಿಯುವಷ್ಟರಲ್ಲಿ ಏಳು ಹೆಸರು ಆಗಿದ್ದವು. ಬರುವ ಭಾನುವಾರದಿಂದ ತಾನೂ ಅರ್ಜಿ ಹಿಡಿದು ತಿರುಗುತ್ತೇನೆ ಎಂದು ಸುಮನಾ ಬೆಳ್ಳಮ್ಮನಿಗೆ ಮಾತು ಕೊಟ್ಟಳು.

ಮನೆಗೆ ಬಂದು ಬೀಗ ತೆಗೆದಳು. “ನೀವು ಕುಡಿದವರಲ್ಲ ಅಂತ ಊರಿಗೆಲ್ಲ ಹೇಳಿ ಬಂದೆ ಕಣ್ರೀ.”

ಕತ್ತರಿ ಹಿಡಿಯುವುದನ್ನೂ ಮಗಳ ಹೆಸರನ್ನೂ ಮರೆತಿದ್ದ ಸೀತಾರಾಮಪ್ಪ ಅವಳ ಕೈ ಹಿಡಿದುಕೊಂಡರು. “ಇನ್ಮೇಲೆ ಹೆಂಡ ಮುಟ್ಟಲ್ಲ ಸುಮನಾ. ನಿನ್ನಾಣೆ.”

ಎಲ್ಲ ಹೋಗಿ, ಅವಳು ಹೇಳಿದ ಸುಳ್ಳೊಂದು ಅವರ ನೆನಪಿನಲ್ಲಿ ಉಳಿದಿತ್ತು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸಮೀಕ್ಷೆಯವರು ಬಾಗಿಲಿಗೆ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಬರೆಸಿ. ತಿಂಗಳಿಗೆ ಒಂದು ಭಾನುವಾರವಾದರೂ ಬೆಳ್ಳಮ್ಮನಂಥವರ ಜೊತೆ ನಾಲ್ಕು ಮನೆ ನಡೆಯಿರಿ. ಡಿಮೆನ್ಷಿಯಾ ಆರೈಕೆಗೂ ಸಂಶೋಧನೆಗೂ ಹಣ ಇಡಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಿಮ್ಮ ಶಾಸಕರಿಗೆ ಅರ್ಜಿ ಕೊಡಿ. ಸುಮನಾ ಬಾಯಿ ಬಿಡುವಾಗ ಎರಡು ವರ್ಷ ತಡವಾಗಿತ್ತು. ನೀವು ಇವತ್ತೇ ಹೇಳಿ.