ಚಲುವರಾಜುವಿನ ಹಿಂದಿನ ಸೀಟು

ಚಲುವರಾಜು ಹೊಸ ಗಾಡಿ ತಂದ ದಿನದಿಂದ ಸ್ವಾಮಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಚಲುವರಾಜು ದೊಡ್ಡಪ್ಪನ ಮಗ, ಓರಗೆಯವನು. ರಾವಂದೂರಿನಲ್ಲಿ ಎದುರುಬದುರು ಮನೆ. ದಾಯಾದಿ ಮತ್ಸರ ಅನ್ನುವುದು ಸುಮ್ಮನೆ ಹುಟ್ಟಿದ ಮಾತೇ? ಆಳೆತ್ತರದ ಬಿಳಿ ಗಾಡಿ. ಬೆಟ್ಟ ಹತ್ತುತ್ತದಂತೆ, ಹೊಳೆ ದಾಟುತ್ತದಂತೆ. ಒಳಗೆ ಟೀವಿಯಂಥ ಪರದೆ, ಬೆನ್ನಿಗೆ ತಂಪು ಊದುವ ಸೀಟು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ಲಾ," ಎಂದು ಸ್ವಾಮಿ ಟೀ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. "ಕೆಸರಲ್ಲಿ ಓಡೋ ಗಾಡಿಗೆ ಮೆತ್ತನೆ ಸೀಟ್ಯಾಕೆ? ಸುತ್ತಿಗೇಲಿ ಎರಡು ಬಡುದ್ರೆ ರಿಪೇರಿ ಆಗ್ಬೇಕು, ಅದು ಗಾಡಿ!"

ಅವನ ಜೀಪು ಅಂಥದ್ದೇ. ಹದಿನಾಲ್ಕು ವರ್ಷದಿಂದ ಹೊಗೆಸೊಪ್ಪಿನ ಬೇಲು ಹೊತ್ತಿತ್ತು, ಸೌದೆ ಹೊತ್ತಿತ್ತು, ಹೆಂಡತಿ ಸುಧಾಳನ್ನೂ ಹೊತ್ತಿತ್ತು. ದಾರಿ ಎಷ್ಟೇ ದೂರವಿರಲಿ, ಸುಧಾ ಒಂದು ದಿನವೂ ತೂಕಡಿಸಿದವಳಲ್ಲ. "ನಮ್ಮವಳ್ಗೆ ಗಾಡೀಲಿ ನಿದ್ದೇನೇ ಬರಾಕಿಲ್ಲ," ಎಂದು ಸ್ವಾಮಿ ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಸ್ವಾಮಿಯ ತಮ್ಮನ ನಿಶ್ಚಿತಾರ್ಥ ಎಚ್.ಡಿ. ಕೋಟೆಯಾಚೆಯ ಹಳ್ಳಿಯಲ್ಲಿ ಗೊತ್ತಾಯಿತು. ಹೊರಡುವ ಬೆಳಿಗ್ಗೆ ಸೀರೆ, ಬಳೆ, ಅರಿಸಿನ ಕುಂಕುಮದ ತಟ್ಟೆಗಳನ್ನು ಸ್ವಾಮಿ ಜೀಪಿನಲ್ಲಿ ಇಡಹೋದರೆ, ಅವನ ತಾಯಿ ಭಾಗ್ಯಮ್ಮ ತಡೆದಳು.

"ಬ್ಯಾಡ ಕಣಪ್ಪ. ಓದ್ಸಲ ನಿನ್ ಜೀಪಲ್ಲಿ ಕುಂಕುಮ ಎಲ್ಲಾ ಸೀರೆ ಮ್ಯಾಲೆ ಚೆಲ್ತು. ಚಲುವರಾಜು ಗಾಡಿ ಅಲ್ಲಾಡಾಕಿಲ್ಲ. ತಟ್ಟೆ ಇಟ್ಕಂಡು ಸುಧಾ ಅಲ್ಲೇ ಕೂತ್ಕತಾಳೆ."

ಸುಧಾ ಗಂಡನ ಮುಖವನ್ನೂ ನೋಡದೆ ಹತ್ತಿ ಕೂತಳು. ಅದೂ ಎಷ್ಟು ಬೇಗ! ಸ್ವಾಮಿಯ ಮುಖ ಹರಳೆಣ್ಣೆ ಕುಡಿದಂತಾಯಿತು. ಒಳಗೆ ಹೋಗಿ ದಪ್ಪ ಹಗ್ಗವೊಂದನ್ನು ತಂದು ಜೀಪಿಗೆ ಎಸೆದ. ಹಿಂದಿನ ದಿನ ಮಳೆಯಾಗಿತ್ತು. ದೇವರು ಕಣ್ಣು ಬಿಟ್ಟರೆ ಬೇಕಾಗಬಹುದು.

ಹುಣಸೂರು ದಾಟಿದರೂ ದೇವರು ಕಣ್ಣು ಬಿಡಲಿಲ್ಲ. ಮುಂದೆ ಬಿಳಿ ಗಾಡಿ, ಅದರ ಕಪ್ಪು ಗಾಜಿನ ಹಿಂದೆ ಅವನ ಹೆಂಡತಿ. ಒಳಗೆ ಏನು ಮಾತೋ, ಎಂಥ ನಗುವೋ, ನೆನೆದಷ್ಟೂ ಅವನ ಹೊಟ್ಟೆ ಉರಿಯಿತು.

ಹೆಣ್ಣಿನ ಊರು ಕೂಗಳತೆಯಲ್ಲಿರುವಾಗ, ಹೊಲದ ದಾರಿಯ ಕೆಸರಿನಲ್ಲಿ ಬಿಳಿ ಗಾಡಿ ಹೂತುಕೊಂಡಿತು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು. ಸ್ವಾಮಿ ಜೀಪನ್ನು ಹೊಲಕ್ಕಿಳಿಸಿ, ಸುತ್ತುಹಾಕಿ ಮುಂದೆ ತಂದು ನಿಲ್ಲಿಸಿದ.

"ಟೀವಿ ಆಕ್ಲಾ ಚಲುವ, ಅದೇ ಎಳ್ಕಂಡು ಓಯ್ತದೆ!" ಎಂದು ಕೂಗಿದ. ಇಳಿದು ನಿಂತಿದ್ದವರೆಲ್ಲ ನಕ್ಕರು. ಅವನು ಕೂಗಿದ್ದು ಅವರಿಗಲ್ಲ, ಆ ಕಪ್ಪು ಗಾಜಿಗೆ. ಹಗ್ಗ ಬಿಗಿಯುವಾಗಲೂ ಅದರ ಕಡೆಯೇ ಎದೆ ಸೆಟೆಸಿದ. ಕೊನೆಗೆ ತಡೆಯಲಾರದೆ, ಸುಧಾಳ ಮುಖ ನೋಡಿಯೇ ಬಿಡೋಣವೆಂದು ಹಿಂದಿನ ಬಾಗಿಲು ತೆಗೆದ.

ಸುಧಾ ನಿದ್ದೆ ಹೋಗಿದ್ದಳು. ತೊಡೆಯ ಮೇಲೆ ಕುಂಕುಮದ ತಟ್ಟೆ, ಬಾಯಿ ಅರೆ ತೆರೆದಿತ್ತು, ಎರಡೂ ಕೈ ಸಡಿಲವಾಗಿ ಪಕ್ಕಕ್ಕೆ ಬಿದ್ದಿದ್ದವು.

"ಎಬ್ಬಿಸ್ಬ್ಯಾಡ ಕಣಪ್ಪ," ಎಂದಳು ಹಿಂದೆ ನಿಂತಿದ್ದ ಭಾಗ್ಯಮ್ಮ. "ಊರು ಬುಟ್ಟಾಗಿಂದ ಮಲಗವ್ಳೆ."

ಸ್ವಾಮಿ ಆ ಸಡಿಲ ಕೈಗಳನ್ನೇ ನೋಡಿದ. ಜೀಪಿನಲ್ಲಿ ಅವು ಕಬ್ಬಿಣದ ಕಂಬಿ ಬಿಟ್ಟದ್ದನ್ನು ಅವನು ಕಂಡೇ ಇರಲಿಲ್ಲ. ಬಾಣಂತಿಯಾಗಿ ಬಂದ ದಿನ ಕೂಡ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಕಂಬಿ. ನಿದ್ದೆ ಬಾರದ ಹೆಂಡತಿ ಎಂದು ಅವನು ಊರೆಲ್ಲ ಸಾರಿದ್ದ. ಅವನಿಗೆ ನಾಚಿಕೆಯಾಯಿತು. ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಹೋಗಿ ಜೀಪು ಹತ್ತಿದ.

"ಜೋರಾಗಿ ಎಳಿಲಾ!" ಎಂದು ಚಲುವರಾಜು ಕೂಗಿದ.

"ಬಾಯ್ಮುಚ್ಕೊಂಡು ಸ್ಟೇರಿಂಗ್ ಹಿಡಿಲಾ."

ಒಂದೇ ಏಟಿಗೆ ಕಿತ್ತು ಎಲ್ಲರ ಬಾಯಿ ಮುಚ್ಚಿಸಬೇಕೆಂದು ಬಂದವನು, ಕ್ಲಚ್ ಮೇಲೆ ಕಾಲಿಟ್ಟು ಅಂಗುಲ ಅಂಗುಲವಾಗಿ ಎಳೆದ. ಗಾಡಿ ಮೇಲೆ ಬಂತು. ಸುಧಾ ಏಳಲಿಲ್ಲ.

ಸಂಜೆ ಹಿಂದಿರುಗುವಾಗ ಅವಳು ಜೀಪಿನ ಬಳಿ ಬಂದು ರೂಢಿಯಂತೆ ಕಂಬಿಗೆ ಕೈ ಹಾಕಿದಳು.

"ಅತ್ಲಾಗೇ ಕೂತ್ಕೋ ಓಗು," ಎಂದ ಸ್ವಾಮಿ.

"ತಟ್ಟೆ ಎಲ್ಲಾ ಅಲ್ಲೇ ಕೊಟ್ಬುಟ್ವಲ್ಲ?"

"ತಟ್ಟೆಗಲ್ಲ. ಓಗು, ಮಲ್ಕೋ."

ರಾವಂದೂರಿನವರೆಗೂ ಅವನು ಆ ಬಿಳಿ ಗಾಡಿಯ ಹಿಂದೆಯೇ ಜೀಪು ಓಡಿಸಿದ. ಹೊಟ್ಟೆಕಿಚ್ಚೇನೂ ಆರಿರಲಿಲ್ಲ. ಆದರೆ ಚಲುವರಾಜು ಅವನಿಗೆ ನೆನಪಾಗಲಿಲ್ಲ. ಅವಳು ತಲೆಯಿಟ್ಟ ಆ ಸೀಟನ್ನು ನೆನೆದು ಅವನು ಉರಿಯುತ್ತಿದ್ದ.